12/3 ಅಂದ್ರೆ ಮಾರ್ಚ್ 12 ಅಲ್ಲ

ಪ್ಲೇಸ್‌ಮೆಂಟ್ ಮಾತು ಬಂದ್ರೆ ಸಾಕು, ಸೀನಿಯರ್ಸ್ ಹೇಳೋದು ಒಂದೇ: 'ಅಡ್ವಾನ್ಸ್ಡ್ ಎಕ್ಸೆಲ್ ಕಲೀರಿ.' ನಾವೂ ಕಲಿತೆವು. ವಿ-ಲುಕಪ್, ಪಿವೋಟ್ ಟೇಬಲ್ ಎಲ್ಲಾ ಬರ್ತದೆ ಅನ್ನೋ ಧೈರ್ಯದ ಮೇಲೆ 2025ರ ರಜೆಯಲ್ಲಿ ನಾವಿಬ್ಬರು ಗೆಳೆಯರು ಕುಳಗೇರಿ ಕ್ರಾಸ್‌ನಲ್ಲಿರೋ ಕಾಕಾನ ಬೀಜ-ಗೊಬ್ಬರದ ಅಂಗಡಿಯ ಉದ್ರಿ ಲೆಕ್ಕಕ್ಕೆ ಕೈ ಹಾಕಿದೆವು.

ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕೈದು ಜನ ಇರ್ತಾರೆ. ಅದಕ್ಕೇ ಕಾಕಾ ತನ್ನ ಖಾತೆ ಪುಸ್ತಕದಲ್ಲಿ ಹೆಸರಿನ ಪಕ್ಕ ಹೊಲದ ಸರ್ವೆ ನಂಬರ್ ಬರೀತಾನೆ. ಅದನ್ನೇ ಹಿಡಿದು, 2024ರಲ್ಲಿ ಟೈಪ್ ಮಾಡಿದ್ದ ಹಳೇ ಬಾಕಿ ಶೀಟಿನಿಂದ ನಮ್ಮ ಹೊಸ ಶೀಟಿಗೆ ವಿ-ಲುಕಪ್ ಹಾಕಿ ಬಾಕಿ ಎಳೆದೆವು. ಹತ್ತು ನಿಮಿಷದ ಕೆಲಸ!

ಮೂರನೇ ದಿನ ಒಬ್ಬ ಅಜ್ಜ ಬಂದ. ಶೀಟಿನಲ್ಲಿ ಅವನ ಬಾಕಿ ₹18,450. "ತಮ್ಮಾ, ನಾ ಯುಗಾದಿಗೇ ಎಲ್ಲಾ ಮುಟ್ಟಿಸೀನಿ. ನಿಮ್ಮ ಕಾಕಾನ್ನ ಕೇಳು" ಅಂದ. ಪುಸ್ತಕ ತೆಗೆದು ನೋಡಿದ್ರೆ ಅವನ ಬಾಕಿ ಸೊನ್ನೆ. ಶೀಟಿನಲ್ಲಿ ಕೆಳಗೆ ಹೋದ ಹಾಗೆ ಅದೇ 18,450 ಇನ್ನೂ ಹತ್ತು ಜನರ ಮುಂದೆ! ಯಾರದೋ ಒಬ್ಬನ ಸಾಲ ಹನ್ನೊಂದು ಜನರ ತಲೆ ಮೇಲೆ.

ಆಗಿದ್ದು ಇಷ್ಟು. ಸರ್ವೆ ನಂಬರ್ 12, ಹಿಸ್ಸಾ 3 ಅಂತ ನಾವು 12/3 ಒತ್ತಿದ್ರೆ ಎಕ್ಸೆಲ್ ಅದನ್ನ ಮಾರ್ಚ್ 12 ಅಂತ ತಿಳ್ಕೊಳ್ಳುತ್ತೆ. ಟೈಪ್ ಮಾಡಿದ ವರ್ಷವನ್ನೂ ತಾನೇ ಸೇರಿಸುತ್ತೆ. ಅದರೊಳಗೆ ತಾರೀಖು ಅಂದ್ರೆ 1900ರಿಂದ ಎಣಿಸಿದ ದಿನಗಳ ಸಂಖ್ಯೆ. 2024ರ 12/3 ಅಂದ್ರೆ 45363, 2025ರದ್ದು 45728. ಕಣ್ಣಿಗೆ ಎರಡೂ ಒಂದೇ, ಒಳಗೆ ಬೇರೆ ಬೇರೆ. 112/3 ಥರದ್ದು ಮಾತ್ರ ತಾರೀಖಾಗದೆ ಹಾಗೇ ಉಳಿದಿತ್ತು. ಅರ್ಧ ಶೀಟ್ ಸರಿ ಇದ್ದದ್ದಕ್ಕೇ ನಮಗೆ ಅನುಮಾನ ಬರಲಿಲ್ಲ.

ಎರಡನೇ ತಪ್ಪು ಪೂರ್ತಿ ನಮ್ಮದೇ. ವಿ-ಲುಕಪ್‌ನ ಕೊನೆಗೆ 'ಫಾಲ್ಸ್' ಹಾಕಿರಲಿಲ್ಲ. ಹಾಕದಿದ್ರೆ ಅದು ತದ್ರೂಪು ಹುಡುಕಲ್ಲ, ಸಮೀಪದ ಕಡಿಮೆ ಸಂಖ್ಯೆಗೆ ತೃಪ್ತಿ ಪಡುತ್ತೆ. 2025ರ ತಾರೀಖು 2024ರವೆಲ್ಲಕ್ಕಿಂತ ದೊಡ್ಡದು, ಹಾಗಾಗಿ ಪ್ರತಿ ಸಲ ಹಳೇ ಶೀಟಿನ ಕಟ್ಟಕಡೆಯ ತಾರೀಖಿನ ಸಾಲನ್ನೇ ತಂದುಕೊಟ್ಟಿತ್ತು. 'ಫಾಲ್ಸ್' ಇದ್ದಿದ್ರೆ ಎರರ್ ಆದ್ರೂ ಕಾಣ್ತಿತ್ತು. ಹೊಸ ಎಕ್ಸ್-ಲುಕಪ್‌ನಲ್ಲಿ ಈ ಕಾಟ ಇಲ್ಲ, ಅದು ತಾನಾಗೇ ತದ್ರೂಪು ಹುಡುಕುತ್ತೆ.

ನಾವಷ್ಟೇ ದಡ್ಡರಲ್ಲ ಬಿಡಿ. ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್ ತಾರೀಖು ಮಾಡ್ತದೆ ಅಂತ 'ಮಾರ್ಚ್1' ಥರದ ಜೀನ್‌ಗಳ ಹೆಸರನ್ನೇ ಬದಲಿಸಿದೆ. ಸರ್ವೆ ನಂಬರ್ ಬದಲಿಸೋಕೆ ಆಗಲ್ಲವಲ್ಲ!

ಅದಕ್ಕೇ ಟೈಪ್ ಮಾಡೋ ಮೊದಲೇ ಆ ಕಾಲಮ್ಮಿನ ಫಾರ್ಮ್ಯಾಟ್ 'ಟೆಕ್ಸ್ಟ್' ಮಾಡಿ. ಆಮೇಲೆ ಮಾಡಿದ್ರೆ 45363 ಅಂತ ಬರುತ್ತೆ. ಈಗಾಗಲೇ ಕೆಟ್ಟಿದ್ರೆ, ತಾರೀಖಾಗಿರೋ ಸಾಲುಗಳಿಗೆ ಮಾತ್ರ 'ಡೇ', 'ಮಂತ್' ಫಂಕ್ಷನ್‌ಗಳಿಂದ ದಿನ, ತಿಂಗಳು ತೆಗೆದು ನಡುವೆ ಗೆರೆ ಹಾಕಿ ಜೋಡಿಸಿ. ಆದ್ರೂ ಎಲ್ಲಾ ವಾಪಸ್ ಬರಲ್ಲ: 12/15 ಒತ್ತಿದ್ದು 2015ರ ಡಿಸೆಂಬರ್ ಆಗಿ ಕೂತಿರಬಹುದು.

ಹಾಗಾಗಿ ಕಾಕಾ ಓದುತ್ತಾ ಹೋದ, ನಾವು ಒಂದೊಂದೇ ಸಾಲು ತಾಳೆ ನೋಡಿದೆವು. ಎರಡು ದಿನ ಹಿಡಿಯಿತು. ಅಜ್ಜ ಮತ್ತೆ ಬಂದಾಗ ಸೊನ್ನೆ ಇದ್ದ ಪ್ರಿಂಟ್ ಕೊಟ್ಟೆವು. ಮಡಚಿ ಜೇಬಿಗಿಟ್ಟುಕೊಂಡು, "ಪುಸ್ತಕದಾಗೂ ಹಂಗ ಐತಲ್ಲ?" ಅಂತ ಕಾಕಾನ್ನ ಕೇಳಿದ.