ಬಣ್ಣ ಕುಡಿಯುವ ಬಾಳೆದಿಂಡು

ಗಾಜಿನ ಲೋಟದಲ್ಲಿ ಮೆಥಿಲೀನ್ ಬ್ಲೂ ಕಲಸಿದ ಕಡುನೀಲಿ ನೀರು. ಒಣಗಿಸಿ ಪುಡಿ ಮಾಡಿದ ಬಾಳೆದಿಂಡನ್ನು ಅದಕ್ಕೆ ಹಾಕಿ ಕಲಕುತ್ತಾ ಇರಿ. ನೀಲಿ ತೆಳುವಾಗುತ್ತದೆ, ಇನ್ನೂ ತೆಳುವಾಗುತ್ತದೆ, ನೋಡನೋಡುತ್ತ ಲೋಟದಾಚೆಯ ಕಿಟಕಿ ಕಾಣತೊಡಗುತ್ತದೆ! ಬಣ್ಣವೆಲ್ಲ ಪುಡಿಯ ಮೈಗೆ ಹತ್ತಿರುತ್ತದೆ. ಗೊನೆ ಕಡಿದ ಮೇಲೆ ತೋಟದ ಮೂಲೆಯಲ್ಲಿ ಕೊಳೆಯಲು ಬಿಡುವ ದಿಂಡಿಗೆ ಇಂಥ ಶಕ್ತಿಯೇ?

ಶಕ್ತಿ ಇರುವುದು ನಾರಿನ ಸೆಲ್ಯುಲೋಸ್, ಲಿಗ್ನಿನ್‌ಗಳಲ್ಲಿ. ನೀರಿಗೆ ಬಿದ್ದ ನಾರಿನ ಮೈಯಲ್ಲಿ ಋಣ ವಿದ್ಯುದಂಶ ಮೂಡುತ್ತದೆ; ಮೆಥಿಲೀನ್ ಬ್ಲೂ ಕಣದ್ದು ಧನ. ಸೆಳೆದವು, ಅಂಟಿದವು. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ: ಹತ್ತಿಬಟ್ಟೆಯೂ ಸೆಲ್ಯುಲೋಸೇ! ಬಟ್ಟೆ ಹಿಡಿಯದೆ ಬಿಟ್ಟ ಬಣ್ಣವನ್ನು ಅದರ ದಾಯಾದಿ ನಾರು ಹಿಡಿಯುತ್ತಿದೆ.

ಕಾವೇರಿಯನ್ನು ಸೇರುವ ನೊಯ್ಯಲ್ ನದಿಗೆ ತಿರುಪ್ಪೂರಿನ ಡೈಯಿಂಗ್ ಘಟಕಗಳು ವರ್ಷಗಟ್ಟಲೆ ಬಣ್ಣದ ನೀರು ಬಿಟ್ಟವು. ಹೊಲಗಳಿಗೆ ನೀರುಣಿಸಲೆಂದು ಒರತುಪಾಳಯಂನಲ್ಲಿ 1992ರಲ್ಲಿ ಮುಗಿದ ಅಣೆಕಟ್ಟೆಯಲ್ಲಿ ಆ ಕೊಳೆಯೇ ಬಂದು ನಿಂತಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳಿಗೆ ಬೀಗ ಹಾಕಿಸಿತು. ಆದರೆ ಕೇಳಿ: ಅದೇ 1992ರಲ್ಲಿ, ಅದೇ ನೊಯ್ಯಲ್ ಕಣಿವೆಯ ಮೇಲ್ಗಡೆಯ ಕೊಯಮತ್ತೂರಿನಲ್ಲಿ, ಭಾರತಿಯಾರ್ ವಿಶ್ವವಿದ್ಯಾಲಯದ ಸಿ. ನಮಶಿವಾಯಂ ಅವರು ಸಹಸಂಶೋಧಕರೊಂದಿಗೆ ಬಾಳೆದಿಂಡಿನಿಂದ ನೀರಿನ ಬಣ್ಣ ತೆಗೆಯುವ ಅಧ್ಯಯನ ಪ್ರಕಟಿಸಿದ್ದರು! ಮುಂದೆ ತೆಂಗಿನ ನಾರಿನ ಪುಡಿಯೂ ಅವರ ಪ್ರಯೋಗಕ್ಕೆ ಬಂತು. ರೋಗ ಹರಿಯುವ ಹೊಳೆಯ ದಂಡೆಯಲ್ಲೇ ಮದ್ದು ಅರೆಯುತ್ತಿದ್ದರು.

ಎಲ್ಲ ಬಣ್ಣವೂ ಹೀಗೆ ಸಲೀಸಾಗಿ ಒಲಿಯುವುದಿಲ್ಲ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳದ್ದು ಋಣ ವಿದ್ಯುದಂಶ, ನಾರು ಅವನ್ನು ದೂರ ತಳ್ಳುತ್ತದೆ. ನೀರನ್ನು ಆಮ್ಲೀಯವಾಗಿಸಿದರೆ, ಇಲ್ಲವೇ ನಾರಿನ ಮೈಗೆ ಧನ ವಿದ್ಯುದಂಶ ಬರುವಂತೆ ಮೊದಲೇ ಸಂಸ್ಕರಿಸಿದರೆ ಅವೂ ಹತ್ತುತ್ತವೆ. ಬಣ್ಣದ ಜೊತೆ ಸುರಿಯುವ ಉಪ್ಪಿಗೆ ಮಾತ್ರ ಈ ನಾರು ಏನೂ ಮಾಡಲಾರದು. ಅದನ್ನು ತೆಗೆಯಲು ರಿವರ್ಸ್ ಆಸ್ಮೋಸಿಸ್‌ನಂಥ ಏರ್ಪಾಡೇ ಬೇಕು.

ಇನ್ನು ಬಣ್ಣ ಕುಡಿದ ನಾರನ್ನು ಎಲ್ಲಿ ಎಸೆಯುವುದು? ಎಸೆದರೆ ಮಳೆಗೆ ಮತ್ತೆ ಬಣ್ಣ ಬಿಟ್ಟೀತು. ಇಲ್ಲಿಯೂ ಒಂದು ಸೋಜಿಗ ಕಾದಿದೆ. ಪೂನಂ ನಿಗಮ್ ಮತ್ತು ಸಂಗಡಿಗರು ಗೋಧಿಹುಲ್ಲು, ಮರದ ಚೂರು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳಿಗೆ ಜವಳಿ ಬಣ್ಣ ಹೀರಿಸಿ, ಮರವನ್ನು ಬೆಳ್ಳಗಾಗಿಸಿ ಕೊಳೆಸುವ ಶಿಲೀಂಧ್ರಗಳನ್ನು ಬಣ್ಣ ಹೀರಿದ ಕಸದ ಮೇಲೆ ಬೆಳೆಸಲು ನೋಡಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು: ಬಣ್ಣ ಅಡ್ಡಿಯಾಗಲೇ ಇಲ್ಲ, ಶಿಲೀಂಧ್ರ ಸೊಂಪಾಗಿ ಬೆಳೆಯಿತು! ಗಟ್ಟಿ ಲಿಗ್ನಿನ್ ಒಡೆಯಲೆಂದು ಇಂಥ ಶಿಲೀಂಧ್ರಗಳು ಸುರಿಸುವ ಕಿಣ್ವಗಳೇ ಹಲವು ಬಣ್ಣಗಳ ಅಣುಗಳನ್ನೂ ಕತ್ತರಿಸಬಲ್ಲವು.