ಹುಲಿಯಿಲ್ಲದ ಸೀಮೆಯ ಸಫಾರಿ

ಸಫಾರಿ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಜೀಪು, ಜೀಪಿನ ಮುಂದೆ ಹುಲಿ. ಬಂಡೀಪುರಕ್ಕೋ ಕಬಿನಿಗೋ ಹೋಗಿಬಂದವರನ್ನು ಎದುರಾದವರೆಲ್ಲ ಕೇಳುವುದೂ ಅಷ್ಟೇ: ‘ಹುಲಿ ಸಿಕ್ತಾ?’ ಸಿಗಲಿಲ್ಲ ಎಂದರೆ ಕೊಟ್ಟ ದುಡ್ಡು ನೀರಿಗೆ ಹೋಯಿತು ಎಂಬಂತೆ ಮುಖ ಮಾಡುತ್ತಾರೆ. ಅದೇ ಹಾದಿಯಲ್ಲಿ ಮರಕುಟಿಗ ಮರ ಕುಟ್ಟುತ್ತಿತ್ತು, ನೀರಿನ ಮೇಲೆ ಮೀನುಗಿಡುಗ ಎರಗಿತ್ತು. ಅವು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬೆಳಗಾವಿ ಜಿಲ್ಲೆಯ ಅರಭಾವಿ ಸೀಮೆಯಲ್ಲಿ ಹುಲಿಯ ಪ್ರಶ್ನೆಯೇ ಏಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಈ ನೆಲವೆಂದರೆ ಕಬ್ಬು, ಗೋವಿನಜೋಳ, ಎರೆಹೊಲ, ಕಾಲುವೆ, ನಡುನಡುವೆ ಕಲ್ಲುಗುಡ್ಡ. ಚಳಿಗಾಲದಲ್ಲಿ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಇಲ್ಲಿ ಸಾಹಸ ಹುಡುಕಿಕೊಂಡು ಯಾರೂ ಬರುವುದಿಲ್ಲ. ಗೋಕಾಕ ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಆದರೆ ಜಲಪಾತಕ್ಕೆ ಕೆಲವೇ ಕಿಲೋಮೀಟರು ಮೇಲೆ, ಧೂಪದಾಳದ ನೀರಿನಲ್ಲಿ, ಹಿಮಾಲಯ ದಾಟಿ ಬಂದ ಜೀವಗಳು ಒಂಟಿಗಾಲಿನಲ್ಲಿ ನಿಂತು ದಣಿವಾರಿಸಿಕೊಳ್ಳುತ್ತವೆ. ಹಕ್ಕಿ ಸಫಾರಿಯ ಗುಟ್ಟು ಇಷ್ಟೇ: ಸಾಹಸ ಹಕ್ಕಿಯದು. ಅದು ಪಟ್ಟ ಪಾಡೇನೆಂದು ತಿಳಿದು ನೋಡಿದರೆ ನಮಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಈ ನೀರು ಹಕ್ಕಿಗಾಗಿ ನಿಲ್ಲಿಸಿದ್ದಲ್ಲ. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭಾ ಕೃಷ್ಣೆಯನ್ನು ಸೇರುವ ಮುನ್ನ ಸುಮಾರು 283 ಕಿ.ಮೀ. ಹರಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಧೂಪದಾಳದ ಬಳಿ ಅದಕ್ಕೆ ಕಲ್ಲಿನ ಒಡ್ಡು ಕಟ್ಟಿ, ಎಡದಂಡೆ ಕಾಲುವೆಗೆ ನೀರು ತಿರುಗಿಸಿದರು. ಒಡ್ಡು ಮುಗಿದದ್ದು 1897ರಲ್ಲಿ. ಬರಗಾಲಕ್ಕೆ ಅಂಜಿದ ನಾಡಿಗೆ ನೀರುಣಿಸುವುದು ಅದರ ಉದ್ದೇಶ. ಒಡ್ಡಿನ ಹಿಂದೆ ಹಿನ್ನೀರು ಹರಡಿತು, ನಡುಗಡ್ಡೆಗಳು ಉಳಿದವು, ಹೂಳು ತುಂಬಿ ಅಂಚುಗಳು ಆಳ ಕಳೆದುಕೊಂಡವು. ಎಂಜಿನಿಯರನ ಕಣ್ಣಿಗೆ ಹೂಳು ಶತ್ರು. ಕೊಕ್ಕರೆಗೆ ಅದೇ ಊಟದ ತಟ್ಟೆ, ಏಕೆಂದರೆ ಮೊಣಕಾಲು ಮುಳುಗುವಷ್ಟು ನೀರಿದ್ದರೆ ಮಾತ್ರ ಅದಕ್ಕೆ ನಡೆದಾಡಿ ಮೇಯಲು ಬರುತ್ತದೆ. 1974ರಲ್ಲಿ ಸರ್ಕಾರ ಈ ಹಿನ್ನೀರು ಮತ್ತು ಸುತ್ತಲಿನ 29.78 ಚದರ ಕಿ.ಮೀ. ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಿತು. ರಂಗನತಿಟ್ಟಿನ ಹೆಸರು ಗೊತ್ತಿರುವ ನೂರು ಜನರಲ್ಲಿ ಇದರ ಹೆಸರು ಕೇಳಿದವರು ಎಷ್ಟು ಮಂದಿ? ನನ್ನನ್ನು ಕೇಳಿದರೆ, ಒಳ್ಳೆಯ ಸಫಾರಿಗೆ ಈ ಅನಾಮಧೇಯತೆಯೂ ಒಂದು ಅನುಕೂಲ.

ಬೆಳಗಾವಿಯ ಸುತ್ತಲ ಹಕ್ಕಿಗಳನ್ನು ಬೆನ್ನತ್ತಿದ ಹುಚ್ಚು ಇಂದಿನದಲ್ಲ. 1879ರ ಸುಮಾರಿಗೆ ಬೆಳಗಾವಿಯ ದಂಡಿನಲ್ಲಿದ್ದ ಇ.ಎ. ಬಟ್ಲರ್ ಎಂಬ ಸೇನಾಧಿಕಾರಿ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ ಎಂದು ತಿಂಗಳು ತಾರೀಖಿನ ಸಮೇತ ಬರೆದಿಟ್ಟ. ಅವನ ಟಿಪ್ಪಣಿಗಳು ಭಾರತದ ಹಕ್ಕಿಗಳ ಗೂಡು ಮೊಟ್ಟೆಗಳನ್ನು ಕುರಿತ ಎ.ಒ. ಹ್ಯೂಮ್‌ನ ದೊಡ್ಡ ಗ್ರಂಥದಲ್ಲಿ ಉಳಿದಿವೆ. ಈ ಹ್ಯೂಮ್ ಬೇರೆ ಯಾರೂ ಅಲ್ಲ, 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಒಬ್ಬ. ಆ ಕಾಲದ ಹಕ್ಕಿಪ್ರಿಯರ ಕೈಯಲ್ಲಿ ಬಂದೂಕು ಇರುತ್ತಿತ್ತು. ಕೊಂದು, ತೊಗಲು ಸುಲಿದು, ಅಳತೆ ಮಾಡಿದ ಮೇಲೆಯೇ ಹಕ್ಕಿ ‘ಕಂಡಿತು’ ಎಂದು ಲೆಕ್ಕ. ಬೈನಾಕ್ಯುಲರು ಬಂದೂಕನ್ನು ಬದಿಗೆ ಸರಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಬೇಟೆಯಲ್ಲಿದ್ದ ಹೊಂಚು, ಕಾಯುವಿಕೆ, ಎದೆಬಡಿತ ಎಲ್ಲ ಉಳಿದವು, ಸಾವೊಂದನ್ನು ಕೈಬಿಟ್ಟೆವು.

ಘಟಪ್ರಭಾ ಧಾಮದ ಹೆಸರಿನ ಜೊತೆಗೆ ಸದಾ ಬರುವ ಹಕ್ಕಿಗಳು ಎರಡು: ಡೆಮೊಸೆಲ್ ಕ್ರೇನ್ ಮತ್ತು ಯುರೋಪಿನ ಬಿಳಿ ಕೊಕ್ಕರೆ. ಎರಡೂ ಉದ್ದ ಕಾಲಿನವು, ಎರಡೂ ಚಳಿಗಾಲದ ಅತಿಥಿಗಳು. ಆದರೆ ಅವುಗಳ ಪಯಣದ ವಿದ್ಯೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ.

ಡೆಮೊಸೆಲ್ ಕ್ರೇನುಗಳಲ್ಲೆಲ್ಲ ಚಿಕ್ಕದು. ಎತ್ತರ ಸುಮಾರು 90 ಸೆಂ.ಮೀ., ತೂಕ ಎರಡು ಮೂರು ಕಿಲೋ. ಬೂದಿ ಮೈ, ಕಪ್ಪು ಕತ್ತು, ಕಣ್ಣಿನ ಹಿಂದಿನಿಂದ ಇಳಿಬಿದ್ದ ಬಿಳಿ ಗರಿಯ ಕುಚ್ಚು. ಮರಿ ಮಾಡುವುದು ಮಂಗೋಲಿಯಾ, ಕಜಕಿಸ್ತಾನಗಳ ಹುಲ್ಲುಬಯಲಿನಲ್ಲಿ. ಚಳಿ ಶುರುವಾಗುತ್ತಿದ್ದಂತೆ ಗುಂಪುಗುಂಪಾಗಿ ದಕ್ಷಿಣಕ್ಕೆ ಹೊರಡುತ್ತವೆ. ದಾರಿಯಲ್ಲಿ ಹಿಮಾಲಯ. ನೇಪಾಳದಲ್ಲಿ ಅನ್ನಪೂರ್ಣಾ ಮತ್ತು ಧವಳಗಿರಿ, ಎರಡೂ 8 ಸಾವಿರ ಮೀಟರು ಮೀರಿದ ಶಿಖರಗಳು; ಅವುಗಳ ನಡುವಿನ ಕಾಳಿ ಗಂಡಕಿ ಕಣಿವೆ ಈ ಹಕ್ಕಿಗಳ ಹೆದ್ದಾರಿ. ಅಲ್ಲಿ ಎದುರುಗಾಳಿ ಎದ್ದರೆ ಇಡೀ ಹಿಂಡು ಹಿಂದಿರುಗಿ ಮರುದಿನ ಮತ್ತೆ ಏರಬೇಕು. ಮೇಲಿನಿಂದ ಹೊನ್ನಹದ್ದು ಎರಗುತ್ತದೆ. ಹಿಂಡಿನಿಂದ ಬೇರೆಯಾದ ಎಳೆಯ ಹಕ್ಕಿಯೇ ಅದರ ಗುರಿ. ಪಾರಾದವು ರಾಜಸ್ಥಾನ, ಗುಜರಾತುಗಳ ಬಯಲಿಗೆ ಇಳಿಯುತ್ತವೆ. ರಾಜಸ್ಥಾನದ ಖೀಚನ್ ಎಂಬ ಹಳ್ಳಿಯಲ್ಲಿ ಊರವರೇ ಕಾಳು ಸುರಿದು ಸಾವಿರಗಟ್ಟಲೆ ಕ್ರೇನುಗಳನ್ನು ಸಾಕಿದ್ದಾರೆ. ಇನ್ನೂ ದಕ್ಷಿಣಕ್ಕೆ ಇಳಿದು ಬರುವವು ಕಡಿಮೆ. ದಖನ್ನಿನ ಎರೆಭೂಮಿ ಅವುಗಳ ದಾರಿಯ ಕೊನೆಯ ನಿಲ್ದಾಣ.

ಬಿಳಿ ಕೊಕ್ಕರೆಯದು ಬೇರೆಯೇ ಲೆಕ್ಕಾಚಾರ. ಅದು ಸುಮ್ಮನೆ ರೆಕ್ಕೆ ಬಡಿದು ದಣಿಯುವ ಜಾತಿಯಲ್ಲ. ಬಿಸಿಲಿಗೆ ನೆಲ ಕಾದಾಗ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹುಡುಕಿ, ಅದರೊಳಗೆ ಸುತ್ತುಸುತ್ತಾಗಿ ಏರಿ, ತುದಿ ತಲುಪಿದ ಮೇಲೆ ಮುಂದಿನ ಕಂಬದವರೆಗೆ ತೇಲಿಕೊಂಡು ಹೋಗುತ್ತದೆ. ಸಮುದ್ರದ ಮೇಲೆ ಇಂಥ ಗಾಳಿ ಏಳುವುದಿಲ್ಲ. ಹಾಗಾಗಿಯೇ ಯುರೋಪಿನ ಕೊಕ್ಕರೆಗಳು ಆಫ್ರಿಕಕ್ಕೆ ಹೋಗುವಾಗ ಸಮುದ್ರ ಕಿರಿದಾಗುವ ಜಿಬ್ರಾಲ್ಟರ್, ಬಾಸ್ಫೊರಸ್‌ಗಳ ದಾರಿ ಹಿಡಿಯುತ್ತವೆ. ಭಾರತಕ್ಕೆ ಬರುವವು ಹೆಚ್ಚಾಗಿ ಮಧ್ಯ ಏಷ್ಯಾದವು. ಹಾಗಿದ್ದರೂ ಜರ್ಮನಿಯಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಒಂದು ಕೊಕ್ಕರೆ ಬಿಕಾನೇರಿನಲ್ಲಿ ಸಿಕ್ಕ ದಾಖಲೆ ಇದೆ. ಈ ಗಾಳಿಯ ವಿದ್ಯೆ ತಿಳಿದರೆ ನೋಡುವವನಿಗೂ ಲಾಭ. ಬಿಳಿ ಕೊಕ್ಕರೆಗಾಗಿ ನಸುಕಿನಲ್ಲಿ ಆಕಾಶ ನೋಡಬೇಕಿಲ್ಲ, ಆಗ ಅದು ನೆಲದ ಮೇಲೆಯೇ ಇರುತ್ತದೆ. ಒಂಬತ್ತು ಹತ್ತರ ಬಿಸಿಲಿಗೆ ತಲೆ ಎತ್ತಿ.

ಕ್ರೇನಿನ ದಿನಚರಿ ತಿರುವುಮುರುವು. ರಾತ್ರಿ ನೀರಿನಂಚಿನ ಬಯಲಿನಲ್ಲಿ ತಂಗಿ, ಬೆಳಕಾಗುತ್ತಲೇ ಹೊಲಗಳಿಗೆ ಹೋಗಿ ಕಾಳು, ಚಿಗುರು ಮೇಯುತ್ತವೆ. ಬಿಸಿಲೇರಿದಾಗ ಮತ್ತೆ ನೀರಿಗೆ. ನರಪಿಳ್ಳೆ ಇಲ್ಲದ ಮಧ್ಯಾಹ್ನದಲ್ಲಿ ಹಿನ್ನೀರಿನ ಆಚೆ ದಂಡೆಯಲ್ಲಿ ಬೂದಿ ಗೆರೆಯೊಂದು ಕಂಡರೆ ಅದು ಕಲ್ಲಿನ ಸಾಲೋ ಹಕ್ಕಿಯ ಸಾಲೋ ಎಂದು ಅನುಮಾನ ಬರುತ್ತದೆ. ಗೆರೆ ಕದಲುವವರೆಗೂ ಕಾಯಬೇಕು. ಆ ಕಾಯುವಿಕೆಯಲ್ಲಿರುವಷ್ಟು ಬಿಗಿ ಜೀಪಿನ ಸೀಟಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ.

ಉದ್ದ ಕಾಲಿನ ಹಕ್ಕಿಗಳನ್ನೆಲ್ಲ ನಾವು ಕೊಕ್ಕರೆ ಎಂದುಬಿಡುತ್ತೇವೆ. ಹಾರುವಾಗ ಕತ್ತು ನೋಡಿ. ಕತ್ತನ್ನು ಮಡಚಿ ಹೆಗಲಿಗೆ ಒರಗಿಸಿಕೊಂಡಿದ್ದರೆ ಬಕ, ಬೆಳ್ಳಕ್ಕಿಗಳ ಕುಲ. ಕತ್ತು ನೇರ ಚಾಚಿದ್ದರೆ ಕೊಕ್ಕರೆ ಅಥವಾ ಕ್ರೇನ್. ಇವೆರಡನ್ನು ಬೇರೆ ಮಾಡುವುದಕ್ಕೆ ಕಿವಿಯೇ ಸಾಕು: ಕ್ರೇನುಗಳು ಕಹಳೆಯಂತೆ ಕೂಗುತ್ತ ಹಾರುತ್ತವೆ, ಬಿಳಿ ಕೊಕ್ಕರೆಗೆ ಹೇಳಿಕೊಳ್ಳುವಂಥ ದನಿಯಿಲ್ಲ, ಕೊಕ್ಕಿಗೆ ಕೊಕ್ಕು ಬಡಿದು ಲಟಲಟ ಸದ್ದು ಮಾಡುವುದಷ್ಟೇ. ಬಿಳಿ ಕೊಕ್ಕರೆಯ ಕಾಲು, ಕೊಕ್ಕು ಕೆಂಪು. ರೆಕ್ಕೆಯ ಹಿಂಬದಿ ಕಪ್ಪು. ದೂರದಿಂದ ಬಾಯಿಕಳಕವೂ ಹೀಗೇ ಕಾಣುತ್ತದೆ, ಆದರೆ ಅದರ ಮಂಕು ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುತ್ತದೆ. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಕೊಕ್ಕು ಅದು.

ಈ ಅತಿಥಿಗಳು ಬರದ ದಿನವೂ ಕಣ್ಣಿಗೆ ಕೆಲಸವುಂಟು. ಬೋಳು ಕೊಂಬೆಯ ಮೇಲೆ ರೆಕ್ಕೆ ಹರವಿ ಒಣಗಿಸುವ ನೀರುಕಾಗೆ, ಕತ್ತಷ್ಟನ್ನೇ ನೀರಿನ ಮೇಲೆ ತೋರಿಸಿ ಈಜುವ ಹಾವಕ್ಕಿ, ಬಣ್ಣದ ಕೊಕ್ಕರೆ, ಮಿಂಚುಳ್ಳಿ, ಕಾಲಿಟ್ಟಲ್ಲೆಲ್ಲ ಊರಿಗೇ ಸುದ್ದಿ ಮುಟ್ಟಿಸುವ ಟಿಟ್ಟಿಭ. ಕಾಲುವೆಯ ಬದಿಯ ಜಾಲಿಗೆ ಗೀಜಗನ ಗೂಡು. ಜೋಳದ ತೆನೆ ಕಟ್ಟಿದಾಗ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿಗಳು ಕೂಡ ಮಧ್ಯ ಏಷ್ಯಾದ ಕಡೆಯವೇ. ರೈತನ ದೃಷ್ಟಿಯಲ್ಲಿ ಅವು ಅತಿಥಿಗಳಲ್ಲ, ಕಳ್ಳರು. ಕವಣೆ ಬೀಸಿ ಹಾಹಾ ಎಂದು ಎಬ್ಬಿಸುತ್ತಾನೆ. ಅವನ ಸಿಟ್ಟು ನ್ಯಾಯವೇ. ಆದರೆ ತಮ್ಮ ನೆಲದಲ್ಲಿ ಇದೇ ಹಕ್ಕಿಗಳು ಮಿಡತೆಗಳನ್ನು ತಿಂದು ಬೆಳೆ ಉಳಿಸುತ್ತವೆ ಎಂಬುದನ್ನೂ ಅವನಿಗೆ ಹೇಳುವವರು ಬೇಕು.

ದುರ್ಬೀನು ಹಿಡಿದು ಕಾಲುವೆಯ ಏರಿಯ ಮೇಲೆ ನಿಂತರೆ ಫಟಫಟಿ ನಿಲ್ಲಿಸಿ ಯಾರಾದರೂ ಕೇಳಿಯೇ ಕೇಳುತ್ತಾರೆ.

‘ಏನ್ ಸರ್ವೇ ಮಾಡಾಕತ್ತೀರಿ ಸರ್? ಹೊಲ ಹೋಗ್ತಾವೇನ್ರಿ?’

‘ಇಲ್ರಿ ಕಾಕಾ, ಹಕ್ಕಿ ನೋಡಾಕತ್ತೀನಿ.’

‘ಹಕ್ಕ್ಯಾಗ ನೋಡೂದೇನೈತ್ರಿ!’

ದುರ್ಬೀನನ್ನು ಅವರ ಕೈಗೆ ಕೊಡುವುದೇ ಉತ್ತರ. ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಗಾಜಿನ ಸಾಧಾರಣ ದುರ್ಬೀನು ಸಾಕು. ಹೆಚ್ಚು ಪಟ್ಟಿನದು ಕೈ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ ಬರುವ ದಂಡೆ ಆರಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪು ನೆರಳೇ. ನವೆಂಬರಿನಿಂದ ಮಾರ್ಚ್‌ವರೆಗೆ ಹದವಾದ ಕಾಲ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಚೀಲದಲ್ಲಿರಲಿ. ಘಟಪ್ರಭಾ ರೈಲು ನಿಲ್ದಾಣ ಧೂಪದಾಳಕ್ಕೆ ಹತ್ತಿರವೇ. ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ. ಡ್ರೋನ್ ಬೇಡವೇ ಬೇಡ. ಹಕ್ಕಿಗೆ ಅದು ಹದ್ದಿನ ಲೆಕ್ಕ.

ಯಾವ ವಾರ ಹೋಗಬೇಕು ಎಂಬುದು ಮಾತ್ರ ಪಂಚಾಂಗ ಹೇಳುವ ಮಾತಲ್ಲ. ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ, ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ನದಿಗೆ ಬಿಟ್ಟ ನೀರೇ ಧೂಪದಾಳಕ್ಕೆ ಬಂದು ಎಡದಂಡೆ ಕಾಲುವೆಗೆ ತಿರುಗುತ್ತದೆ. ಬಿಟ್ಟಾಗ ಹಿನ್ನೀರು ತುಂಬಿ ಬಾತುಗಳಿಗೆ ಹಬ್ಬ. ನಿಲ್ಲಿಸಿದಾಗ ಕೆಸರು ತೆರೆದು ಉದ್ದ ಕಾಲಿನವಕ್ಕೆ ಹಬ್ಬ. ಕಾಲುವೆಗೆ ನೀರು ಬಂದಿದೆಯೋ ಇಲ್ಲವೋ ಎಂದು ಊರಿನ ರೈತರೊಬ್ಬರನ್ನು ಕೇಳಿದರೆ ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ಹೇಳುತ್ತಾರೆ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪ್ರವಾಸದ ಜಾಹೀರಾತಾಗುತ್ತದೆ. ಕ್ರೇನಿಗೆ ನಾಲ್ಕೂ ದಿಕ್ಕು ಕಾಣುವ ಬಯಲು ಬೇಕು, ಜೋಳ ಕಡಲೆಯ ಹೊಲ ಬೇಕು. ಆಳೆತ್ತರದ ಕಬ್ಬಿನೊಳಗೆ ಅದು ಇಳಿಯುವುದಿಲ್ಲ. ಕಾಲುವೆ ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಜೋಳ ಹಿಂದೆ ಸರಿಯಿತು. ಅಂದರೆ ಹಕ್ಕಿಗೆ ತಂಗಲು ನೀರು ಕೊಟ್ಟ ಒಡ್ಡೇ ಅದರ ಮೇವಿನ ಬಯಲನ್ನು ಕಿರಿದು ಮಾಡಿತು. ಇದಕ್ಕೆ ಕಬ್ಬು ಬೆಳೆದವನನ್ನು ದೂರಿ ಫಲವಿಲ್ಲ. ಅವನ ಮನೆ ನಡೆಯುವುದು ಅದರಿಂದಲೇ. ಆದರೆ ಧಾಮದ ಸುತ್ತ ಹಿಂಗಾರಿ ಜೋಳ, ಕಡಲೆ ಬೆಳೆಯುವ ರೈತನಿಗೆ, ಹಕ್ಕಿ ತಿಂದ ಪಾಲಿಗೆ ಪರಿಹಾರ ಸಿಗುವ ಏರ್ಪಾಡು ಬೇಕೇಬೇಕು. ನೀರನ್ನು ಕಾದು ಹೊಲವನ್ನು ಮರೆತರೆ ಅರ್ಧ ಧಾಮವನ್ನಷ್ಟೇ ಕಾದಂತೆ.

ಇಂಥ ವಾದಕ್ಕೆ ಬಲ ಬರುವುದು ಲೆಕ್ಕದಿಂದ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ತುರ್ತು ಗಮನ ಬೇಕೆಂದಿತು. ಅದರ ಅಡಿಪಾಯ ಹವ್ಯಾಸಿಗಳು ಇ-ಬರ್ಡ್ ತಾಣಕ್ಕೆ ಕಳಿಸಿದ ಪಟ್ಟಿಗಳೇ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆಯಿದೆ, ಅದಕ್ಕೆ ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿದರೂ ಆದೀತು. ಅರಭಾವಿಯ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು, ಗೋಕಾಕ ಮೂಡಲಗಿಯ ಶಾಲೆಯ ಮಾಸ್ತರರು ಮನಸ್ಸು ಮಾಡಿದರೆ ಇದು ಒಂದು ಬೆಳಗಿನ ಕೆಲಸ. ಮುಂದಿನ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಧೂಪದಾಳಕ್ಕೆ ಹೋಗಿ, ಕಂಡದ್ದನ್ನು ಎಣಿಸಿ, ಬರೆದು ಕಳಿಸಿ. ಕ್ರೇನ್ ಕಾಣದಿದ್ದರೆ ಕಾಣಲಿಲ್ಲ ಎಂದೂ ಬರೆಯಿರಿ.