ಹೊಸ ಬಾಡಿ ತಂದರೆ ಚಿತ್ರ ಚೆನ್ನಾಗುತ್ತದೆಯೇ?

ಹತ್ತು ವರ್ಷ ಹಳೆಯ ಡಿಜಿಟಲ್ ಕ್ಯಾಮೆರಾದ ಚಿತ್ರಕ್ಕೂ ಇವತ್ತಿನ ಕ್ಯಾಮೆರಾದ ಚಿತ್ರಕ್ಕೂ ಅಜಗಜಾಂತರ ಇದ್ದೇ ಇರುತ್ತದೆ ಎಂದು ಹವ್ಯಾಸಿಗಳೂ ನಂಬಿದ್ದಾರೆ, ಮದುವೆ ಫೋಟೋಗ್ರಾಫರ್‌ಗಳೂ ನಂಬಿದ್ದಾರೆ. ಮೊಬೈಲಿನಲ್ಲಿ ಹಾಗಾಗಿದೆಯಲ್ಲ, ಕ್ಯಾಮೆರಾದಲ್ಲಿ ಯಾಕಾಗಬಾರದು ಎನ್ನುವುದು ಅದರ ಹಿಂದಿನ ತರ್ಕ. ಇದನ್ನು ಒರೆಗೆ ಹಚ್ಚಲು ಒಂದೇ ಕಂಪನಿಯ, ಹೆಚ್ಚುಕಡಿಮೆ ಒಂದೇ ದರ್ಜೆಯ ಎರಡು ಬಾಡಿಗಳನ್ನು, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾಗಳನ್ನು, ಪಕ್ಕಪಕ್ಕ ಇಡೋಣ. ನಿಕಾನ್ ಡಿ750 ಬಂದದ್ದು 2014ರಲ್ಲಿ, ನಿಕಾನ್ ಝಡ್6 ತ್ರೀ ಬಂದದ್ದು 2024ರಲ್ಲಿ. ಎರಡೂ ಫುಲ್ ಫ್ರೇಮ್. ಹಳೆಯದರ ಚಿತ್ರದ ಅಗಲ 6016 ಪಿಕ್ಸೆಲ್, ಹೊಸದರದ್ದು 6048. ಹತ್ತು ವರ್ಷದಲ್ಲಿ ಹೆಚ್ಚಿದ್ದು 32 ಪಿಕ್ಸೆಲ್. ಎಂಜಿನಿಯರುಗಳು ಈ ಹತ್ತು ವರ್ಷ ಸುಮ್ಮನೆ ಕೂತಿರಲಿಲ್ಲ, ಅವರ ದುಡಿಮೆ ಬೇರೆ ಕಡೆ ಹೋಗಿದೆ. ಆ ಬೇರೆ ಕಡೆ ಯಾವುದೆಂದು ತಿಳಿಯದೆ ಬಾಡಿ ಬದಲಿಸಿದವರೇ ಆಮೇಲೆ ಪೇಚಾಡುವುದು.

ಹಾಗಾದರೆ ಮೆಗಾಪಿಕ್ಸೆಲ್ ಜಾಸ್ತಿ ಇರುವ ಬಾಡಿಯನ್ನೇ ಕೊಂಡರಾಯಿತು ಎನ್ನಬಹುದು. 45 ಎಂದರೆ 24ರ ಹತ್ತಿರಹತ್ತಿರ ಎರಡು ಪಟ್ಟು ಎಂದು ಕೇಳಿಸುತ್ತದೆ. ಆದರೆ ಮೆಗಾಪಿಕ್ಸೆಲ್ ವಿಸ್ತೀರ್ಣದ ಲೆಕ್ಕ, ಅದು ಉದ್ದಕ್ಕೂ ಅಡ್ಡಕ್ಕೂ ಹಂಚಿಹೋಗುತ್ತದೆ. 45.7 ಮೆಗಾಪಿಕ್ಸೆಲ್‌ನ ಡಿ850ರ ಚಿತ್ರ 8256 ಪಿಕ್ಸೆಲ್ ಅಗಲ. ಡಿ750ಕ್ಕಿಂತ ಶೇಕಡ 37ರಷ್ಟು ಹೆಚ್ಚು, ಅಷ್ಟೆ. ಮದುವೆ ಆಲ್ಬಮ್ಮಿನಲ್ಲಿ ಬಹಳ ಬಳಕೆಯಲ್ಲಿರುವ ಜೋಡಿಪುಟ 12×36 ಇಂಚಿನದು. ಅದರ ಒಂದು ಬದಿಯನ್ನು ಒಂದೇ ಚಿತ್ರ ತುಂಬಬೇಕು, ಇಂಚಿಗೆ 300 ಪಿಕ್ಸೆಲ್ ಇರಬೇಕು ಎಂದರೂ ಬೇಕಾಗುವುದು 5400×3600, ಅಂದರೆ 20 ಮೆಗಾಪಿಕ್ಸೆಲ್‌ಗೂ ಕಡಿಮೆ. 4ಕೆ ಟಿವಿಯ ಪರದೆ ತುಂಬಲು 8.3 ಸಾಕು. ವಾಟ್ಸಾಪಿನಲ್ಲಿ ಕಳಿಸುವ ಚಿತ್ರದ ಮಟ್ಟಿಗಂತೂ ಈ ಚರ್ಚೆಯೇ ಬೇಡ. ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡುವವರಿಗೆ ಹೆಚ್ಚಿನ ಪಿಕ್ಸೆಲ್ ಉಪಯೋಗಕ್ಕೆ ಬರುತ್ತದೆ, ನಿಜ. ಡಿ850ರಲ್ಲಿ 500 ಎಂಎಂ ಲೆನ್ಸಿನಿಂದ ಸುಮಾರು 685 ಎಂಎಂನಷ್ಟು ವಿವರ ಸಿಕ್ಕಂತಾಗುತ್ತದೆ. ಅದೂ ಲೆನ್ಸ್ ಅಷ್ಟು ಚೂಪಾಗಿದ್ದರೆ, ಕೈ ಅಲುಗದಿದ್ದರೆ.

ಇದಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ನಾಯ್ಸ್‌ನದು. ಹಳೆಯ ಬಾಡಿಯಲ್ಲಿ ಕತ್ತಲ ಚಿತ್ರ ರವೆರವೆಯಾಗಿ ಬರುತ್ತದೆ, ಹೊಸದರಲ್ಲಿ ನುಣುಪಾಗಿ ಬರುತ್ತದೆ ಎನ್ನುತ್ತಾರೆ. ಆ ರವೆಯ ದೊಡ್ಡ ಪಾಲು ಕ್ಯಾಮೆರಾದ್ದಲ್ಲ, ಬೆಳಕಿನದು. ಬೆಳಕು ಮಳೆಹನಿಗಳ ಹಾಗೆ ಬಿಡಿಬಿಡಿಯಾಗಿ, ಅಡ್ಡಾದಿಡ್ಡಿಯಾಗಿ ಬೀಳುತ್ತದೆ. ಪಿಕ್ಸೆಲ್ ಒಂದಕ್ಕೆ ಸರಾಸರಿ 10,000 ಕಣ ಬಿದ್ದರೆ ಏರಿಳಿತ 100ರಷ್ಟು, ಶೇಕಡ ಒಂದು, ಕಣ್ಣಿಗೆ ಕಾಣುವುದಿಲ್ಲ. 100 ಕಣ ಬಿದ್ದರೆ ಏರಿಳಿತ 10, ಶೇಕಡ ಹತ್ತು, ಎದ್ದು ಕಾಣುತ್ತದೆ. ಎಂಥ ಸೆನ್ಸರ್ ತಂದರೂ ಈ ಏರಿಳಿತವನ್ನು ಅಳಿಸಲಾಗದು, ಬಿದ್ದ ಕಣಗಳಲ್ಲಿ ಹೆಚ್ಚಿನದನ್ನು ಎಣಿಸಬಹುದು ಅಷ್ಟೆ. ಹತ್ತು ವರ್ಷದ ಹಿಂದಿನ ಒಳ್ಳೆಯ ಸೆನ್ಸರುಗಳೇ ಹಸಿರು ಬೆಳಕಿನಲ್ಲಿ ಅರ್ಧದ ಆಸುಪಾಸು ಎಣಿಸುತ್ತಿದ್ದವು. ಉಳಿದರ್ಧವನ್ನೂ ಬಿಡದೆ ಎಣಿಸುವ ಸೆನ್ಸರನ್ನು ನಾಳೆ ಯಾರಾದರೂ ತಂದರೂ ಲಾಭ ಒಂದೇ ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು. ಕ್ಯಾಮೆರಾದ ಜೊತೆ ಬಂದ ಕಿಟ್ ಲೆನ್ಸನ್ನು ಎಫ್/5.6ರಲ್ಲಿ ಬಳಸುವವರು 50 ಎಂಎಂ ಎಫ್/1.8 ಲೆನ್ಸ್ ಹಾಕಿದರೆ ಸೆನ್ಸರಿಗೆ ಹತ್ತು ಪಟ್ಟಿನ ಸಮೀಪ ಬೆಳಕು ಬೀಳುತ್ತದೆ, ಅಂದರೆ ಮೂರು ಸ್ಟಾಪ್‌ಗೂ ಮೇಲೆ. ಹಲವು ಕಂಪನಿಗಳ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು. ಇನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ಗರಿಷ್ಠ ಐಎಸ್‌ಒ ಸಂಖ್ಯೆಗೆ ಮರುಳಾಗಬಾರದು. 2016ರ ನಿಕಾನ್ ಡಿ5ರಲ್ಲಿ ಅದು 32,80,000ದವರೆಗೆ ಹೋಗುತ್ತದೆ. ಅಲ್ಲಿ ತೆಗೆದದ್ದನ್ನು ಯಾರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾರರು.

ಹೊಸದು ಕೆಲವೊಮ್ಮೆ ಒಂದು ಹೆಜ್ಜೆ ಹಿಂದೆಯೂ ಇರುತ್ತದೆ. ಝಡ್6 ತ್ರೀಯ ಸೆನ್ಸರನ್ನು ವೇಗಕ್ಕಾಗಿ ರೂಪಿಸಲಾಗಿದೆ. ಅದಕ್ಕೆ ತೆತ್ತ ಬೆಲೆಯಾಗಿ, ಕಡಿಮೆ ಐಎಸ್‌ಒದಲ್ಲಿ ನೆರಳಿನ ಭಾಗವನ್ನು ತುಂಬ ಮೇಲೆತ್ತಿದಾಗ ಅದು ತನ್ನ ಹಿಂದಿನ ಝಡ್6 ಟೂಗಿಂತ ಸ್ವಲ್ಪ ಹೆಚ್ಚು ನಾಯ್ಸ್ ತೋರಿಸುತ್ತದೆ. ದಿನನಿತ್ಯದ ಚಿತ್ರಗಳಲ್ಲಿ ಇದು ಗೊತ್ತಾಗುವುದಿಲ್ಲ. ಆದರೂ ಹೊಸದೆಂದರೆ ಎಲ್ಲದರಲ್ಲೂ ಮೇಲು ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಬದಲಿಸಿದ ಮೇಲೆ ವ್ಯತ್ಯಾಸ ಕಣ್ಣಾರೆ ಕಂಡೆವು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಹಳೆಯ ಬಾಡಿ ಯಾವ ಕಾಲದ್ದು ಎಂದು ಕೇಳಬೇಕು. 2008ರ ಕೆನಾನ್ 5ಡಿ ಮಾರ್ಕ್ ಟೂನಲ್ಲಿ ನೆರಳನ್ನು ಮೇಲೆತ್ತಿದರೆ ಗೆರೆಗೆರೆಯಾದ ಪಟ್ಟಿಗಳು ಏಳುತ್ತಿದ್ದವು. ನಿಕಾನ್, ಸೋನಿ ಬಾಡಿಗಳಲ್ಲಿ 2012ರ ಹೊತ್ತಿಗೆ, ಕೆನಾನ್‌ನಲ್ಲಿ 2016ರ 80ಡಿ, 5ಡಿ ಮಾರ್ಕ್ ಫೋರ್ ಬಂದ ಮೇಲೆ ಈ ಕಾಟ ಬಹುಮಟ್ಟಿಗೆ ತೀರಿತು. ಅದಕ್ಕಿಂತ ಹಳೆಯದನ್ನು ಬಿಟ್ಟು ಬಂದವರಿಗೆ ಕಂಡ ಸುಧಾರಣೆ ನಿಜವಾದದ್ದೇ, ಆ ಬಳಿಕದ ಬಾಡಿಯವರು ಅದನ್ನೇ ನಿರೀಕ್ಷಿಸಿದರೆ ನಿರಾಸೆ ಖಂಡಿತ. ಜೆಪೆಗ್‌ನಲ್ಲೇ ತೆಗೆಯುವವರಿಗೆ ಕಾಣುವ ನುಣುಪಿನಲ್ಲಿ ಕ್ಯಾಮೆರಾದೊಳಗಿನ ಸಂಸ್ಕರಣೆಯ ಪಾಲೂ ಇದೆ. ಸಂಸ್ಕರಿಸದ ರಾ ಫೈಲ್ ಇಟ್ಟುಕೊಂಡವರಿಗೆ ಆ ಭಾಗ್ಯ ಕಂಪ್ಯೂಟರಿನಲ್ಲೇ ಸಿಗುತ್ತದೆ: 2023ರಲ್ಲಿ ಅಡೋಬಿ ಲೈಟ್‌ರೂಮಿಗೆ ಸೇರಿದ ಡಿನಾಯ್ಸ್ ಸೌಲಭ್ಯ 2014ರ ರಾ ಫೈಲನ್ನೂ ಶುಚಿ ಮಾಡಿಕೊಡುತ್ತದೆ.

ಹತ್ತು ವರ್ಷದ ದುಡಿಮೆ ಹೋದದ್ದು ಫೋಕಸ್ಸಿಗೆ. ಡಿ750ರ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿ ಗುಂಪಾಗಿವೆ. ರಾತ್ರಿ ಯಕ್ಷಗಾನ ತೆಗೆಯುವವರಿಗೆ ಇದರ ಕಷ್ಟ ಗೊತ್ತು. ಎತ್ತರದ ಕಿರೀಟವೂ ಚಿತ್ರದಲ್ಲಿ ಬರಬೇಕು, ಪಾತ್ರಧಾರಿ ಒಂದು ಬದಿಗೂ ಇರಬೇಕು ಎಂದರೆ ಮುಖ ಆ ಗುಂಪಿನಿಂದ ಆಚೆ ಬೀಳುತ್ತದೆ. ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಹಿಡಿದು, ಕ್ಯಾಮೆರಾ ತಿರುಗಿಸಿ, ಗುಂಡಿ ಒತ್ತುವಷ್ಟರಲ್ಲಿ ವೇಷ ಒಂದು ಹೆಜ್ಜೆ ಮುಂದೆ ಬಂದಿರುತ್ತದೆ, ಎಫ್/1.8ರಲ್ಲಿ ಕಣ್ಣು ಮಸುಕು, ಹಿಂದಿನ ಭುಜಕೀರ್ತಿ ಸ್ಪಷ್ಟ. ಹೊಸ ಮಿರರ್‌ಲೆಸ್ ಬಾಡಿಗಳು ಚೌಕಟ್ಟಿನ ಹೆಚ್ಚಿನ ಭಾಗದಲ್ಲಿ ಕಣ್ಣನ್ನು ತಾವೇ ಹುಡುಕಿ ಹಿಂಬಾಲಿಸುತ್ತವೆ. ಫೋಕಸ್ ಹಿಡಿಯಬಲ್ಲ ಕತ್ತಲಿನ ಮಿತಿಯನ್ನು ನಿಕಾನ್ ಡಿ750ಕ್ಕೆ ಮೈನಸ್ 3 ಇವಿ (ಬೆಳಕಿನ ಮಟ್ಟದ ಅಳತೆ) ಎಂದೂ ಝಡ್6 ತ್ರೀಗೆ ಎಫ್/1.2 ಲೆನ್ಸಿನೊಂದಿಗೆ ಮೈನಸ್ 10 ಎಂದೂ ಹೇಳುತ್ತದೆ. ಲೆನ್ಸಿನ ಷರತ್ತು ಇರುವುದರಿಂದ ಸಂಖ್ಯೆಗಳನ್ನು ನೇರವಾಗಿ ತಾಳೆ ಹಾಕಲಾಗದು, ಆದರೂ ನೆಗೆತ ದೊಡ್ಡದೇ. ಹಾರುವ ಹಕ್ಕಿ, ಓಡುವ ಮಗು, ಆಟದ ಮೈದಾನ, ಇವನ್ನು ತೆಗೆಯುವವರಿಗೆ ಹೊಸ ಬಾಡಿ ಕೊಡುವುದು ಕೈತಪ್ಪದ ಚಿತ್ರಗಳನ್ನು. ದೇವಸ್ಥಾನದ ಶಿಲ್ಪ, ಬೆಟ್ಟಗುಡ್ಡ ತೆಗೆಯುವವರಿಗೆ ಇದರಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ಅಂದಮೇಲೆ ತೀರ್ಮಾನಕ್ಕೆ ಬೇಕಾದ ಪುರಾವೆ ಅಳಿಸಬೇಕೆಂದು ಇಟ್ಟ ಚಿತ್ರಗಳಲ್ಲೇ ಇದೆ. ಬಹುಪಾಲು ಫೋಕಸ್ ತಪ್ಪಿದ್ದರೆ ಬಾಡಿಯ ಬಗ್ಗೆ ಯೋಚಿಸಬಹುದು. ರವೆ ಕಂಡರೆ ಲೆನ್ಸ್, ಮುಖದ ಮೇಲೆ ಕಪ್ಪು ನೆರಳು ಬಿದ್ದಿದ್ದರೆ ಫ್ಲ್ಯಾಶ್.

ಬದಲಾವಣೆಯ ಖರ್ಚು ಬಾಡಿಯ ಬೆಲೆಗೇ ನಿಲ್ಲುವುದಿಲ್ಲ. ಡಿ750ರೊಳಗೆ ಹಳೆಯ ಎಎಫ್-ಡಿ ಲೆನ್ಸುಗಳನ್ನು ತಿರುಗಿಸುವ ಮೋಟರ್ ಇದೆ, ಝಡ್ ಬಾಡಿಗೆ ಹಾಕುವ ನಿಕಾನ್‌ನ ಅಡಾಪ್ಟರಿನಲ್ಲಿ ಇಲ್ಲ. ಆ ಲೆನ್ಸುಗಳಿಗೆ ಕೈಯಿಂದಲೇ ಫೋಕಸ್ ಮಾಡಬೇಕು. ಫೋಕಸ್ಸಿಗಾಗಿ ಬಾಡಿ ಬದಲಿಸಿದವರಿಗೆ ಇದಕ್ಕಿಂತ ವಿಪರ್ಯಾಸ ಬೇಕೆ? ಬ್ಯಾಟರಿಯ ಅಧಿಕೃತ ಲೆಕ್ಕ ಡಿ750ರಲ್ಲಿ 1,230 ಚಿತ್ರ, ಝಡ್6 ತ್ರೀಯಲ್ಲಿ 400ಕ್ಕೂ ಕಡಿಮೆ. ವಾಸ್ತವದಲ್ಲಿ ಎರಡರಲ್ಲೂ ಹೆಚ್ಚು ಬರುತ್ತದೆ, ಆದರೂ ಬೆಳಗಾಗುವ ತನಕದ ಆಟಕ್ಕೆ ಜೇಬಿನಲ್ಲಿ ಬ್ಯಾಟರಿಗಳಿರಲೇಬೇಕು. ಕಾರ್ಡಿನ ಎರಡು ಜಾಗಗಳಲ್ಲಿ ಒಂದು ದುಬಾರಿ ಸಿಎಫ್‌ಎಕ್ಸ್‌ಪ್ರೆಸ್ಸಿಗೆ ಮೀಸಲು. ಬೆಂಗಳೂರಿನಂಥ ಊರುಗಳಲ್ಲಿ ಬಾಡಿ, ಲೆನ್ಸ್ ಬಾಡಿಗೆಗೆ ಸಿಗುತ್ತವೆ. ಬಣ್ಣದ ವೇಷದ ಮುಖದಲ್ಲಿ ಹೊಸ ಕ್ಯಾಮೆರಾ ಕಣ್ಣನ್ನು ಗುರುತಿಸುತ್ತದೆಯೋ, ರಂಗದ ಎಲ್‌ಇಡಿ ದೀಪದಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರದಲ್ಲಿ ಅಡ್ಡಪಟ್ಟಿ ಮೂಡಿಸುತ್ತದೆಯೋ ಎಂಬುದನ್ನು ಒಂದು ರಾತ್ರಿಯ ಬಾಡಿಗೆಯಲ್ಲೇ ನೋಡಬಹುದು.

ಶಟರ್ ಎಣಿಕೆ ಮುಗಿಯಿತು, ಇನ್ನು ಮಾರಲೇಬೇಕು ಎಂಬುದೂ ಅವಸರದ ಮಾತು. ಡಿ750ಕ್ಕೆ ಹೇಳುವ 1,50,000 ಕಂಪನಿ ಶಟರನ್ನು ಪರೀಕ್ಷಿಸಿದ ಮಟ್ಟ, ಅದರ ಆಯುಸ್ಸಿನ ಗಡುವಲ್ಲ. ಅದನ್ನು ದಾಟಿಯೂ ನಡೆಯಬಹುದು, ಮೊದಲೇ ಕೈಕೊಡಲೂಬಹುದು. ಬಿಡಿಭಾಗ ಸಿಗುವ ತನಕ ಶಟರ್ ಬದಲಿಸಿಕೊಳ್ಳಲು ಅಡ್ಡಿಯಿಲ್ಲ. ಧಾರೆಯ ಹೊತ್ತಿಗೆ ಕ್ಯಾಮೆರಾ ನಿಂತುಹೋಗುವ ಭಯ ಇರುವವರಿಗೆ ಬೇಕಾದದ್ದು ಎರಡನೆಯ ಬಾಡಿ. ಹೊಸದನ್ನು ಕೊಂಡರೂ ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕದೆ ಇಟ್ಟುಕೊಳ್ಳುವುದೇ ಅವರಿಗೆ ಲಾಭ.